ಉದ್ದವಾದ ಸೆಕೆಂಡು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ‘ಬುರುಡೆ’ ಎಂಬ ಹೆಸರು ಅಂಟಿಕೊಂಡದ್ದು ಒಂದು ನಿಜ ಹೇಳಿದ್ದಕ್ಕೆ. ಹಿಂದೊಮ್ಮೆ ಅವನು ತನ್ನ ಹಳೆಯ ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ಗೊತ್ತು ಮಾಡಿದ್ದಕ್ಕಿಂತ ಎಷ್ಟೋ ಹೆಚ್ಚು ವೇಗದಲ್ಲಿ ಓಡಿಸಿದ್ದ. ಪರದೆಯ ಫೋಟೊ ತೆಗೆಯಲು ಫೋನು ಹುಡುಕುವಷ್ಟರಲ್ಲಿ ಯಂತ್ರ ಒಮ್ಮೆ ಕೆಮ್ಮಿ ಪ್ರಾಣ ಬಿಟ್ಟಿತು. ಗೆಳೆಯರು ಫೋಟೊ ಎಲ್ಲಿ ಎಂದರು. “ತೆಗೆಯೋಷ್ಟರಲ್ಲಿ ಸತ್ತೋಯ್ತು” ಎಂದ. ಅಷ್ಟು ಸಾಕಾಯಿತು. ಹೆಸರಿಗೆ ಕಾಲು ಬಂದು ಬೀದಿಗಿಳಿಯಿತು, ಕೊನೆಗೆ ಕಾರು ಕಲಿಯಲು ಬರುವವರ ಬಾಯಿಗೂ ಹತ್ತಿತು. ಬ್ರೇಕು ಒತ್ತಿ ಎಂದರೆ, “ನಿಜವಾಗ್ಲೂ ಒತ್ತಬೇಕಾ ಸಾರ್?” ಎಂದು ಕಿಸಕ್ಕೆನ್ನುವವರಿದ್ದರು.

ಆ ಗೆಳೆಯರು ಸೇರುತ್ತಿದ್ದದ್ದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಖಾಲಿ ಡಬ್ಬಗಳ ಮೇಲೆ ಕೂತು, ಯಾವ ಚಿಪ್ಪು ಎಷ್ಟು ಓಡೀತು, ಯಾವುದು ಸುಟ್ಟೀತು ಎಂದು ವಾದಿಸುವುದು ಅವರ ಭಾನುವಾರದ ಕಸುಬು. ಅಂಗಡಿಯ ಒಡತಿಯನ್ನು ಅವಳಿಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಹೊಸದೇನು ಬಂದರೂ ಅಕ್ಕನಿಗೆ ಹಿಗ್ಗು. ಏನು ಬಂದರೂ ಅಡ್ಡಡ್ಡ ತಲೆ ಅಲ್ಲಾಡಿಸುವವರು ಹಲ್ಲಿನ ಡಾಕ್ಟರು. ಆ ಊರಿನ ಅತಿವೇಗದ ದಾಖಲೆ ಬಹಳ ಕಾಲದಿಂದ ಅವರದೇ. ಪರೀಕ್ಷೆಯ ನಿಯಮಗಳೂ ಅವರವೇ: ಫೋಟೊ ಬೇಕು, ಸಾಕ್ಷಿ ಬೇಕು, ಶುರು ಮಾಡುವ ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತಿಡಬೇಕು. ಇಲ್ಲದಿದ್ದರೆ ಹೊರಗಿನಿಂದ ಏನಾದರೂ ನುಸುಳಿ ಯಂತ್ರದ ಗಮನ ಕದಿಯುತ್ತದೆ ಎನ್ನುತ್ತಿದ್ದರು.

ಹೊಸ ಪ್ರೊಸೆಸರ್ ಮಾರುಕಟ್ಟೆಗೆ ಬರುವ ಮೊದಲೇ ಅದರ ಪುಕಾರು ಬಂತು. ಎಲ್ಲಿಂದಲೋ ಸೋರಿಬಂದ ಚಿತ್ರವೊಂದರಲ್ಲಿ ಅದು ಬರೀ ಫ್ಯಾನಿನ ಗಾಳಿಯಲ್ಲೇ ಆರು ಗಿಗಾಹರ್ಟ್ಸ್ ವೇಗ ಮುಟ್ಟಿತ್ತು. ಪ್ರಪಂಚದ ಅರ್ಧ ಜನ ಹೌದೆಂದು ಕುಣಿದರು, ಇನ್ನರ್ಧ ಜನ ಚಿತ್ರ ತಿದ್ದಿದ್ದು ಎಂದರು. ಚಿಪ್ಪು ಕೈಗೆ ಬಂದ ಮೇಲೆ ಎಲ್ಲರದ್ದೂ ಐದೂಮುಕ್ಕಾಲರ ಹತ್ತಿರ ಹಟಮಾರಿ ಎತ್ತಿನಂತೆ ಕೂತುಬಿಟ್ಟಿತು.

“ನಾನು ಆಗಲೇ ಹೇಳಿರಲಿಲ್ವಾ,” ಎಂದರು ಡಾಕ್ಟರು.

“ನೀವು ಎಲ್ಲದಕ್ಕೂ ಆಗಲೇ ಹೇಳಿರ್ತೀರಿ ಡಾಕ್ಟ್ರೇ,” ಎಂದಳು ಅಕ್ಕ. “ಮಗು ಹುಟ್ಟೋ ಮೊದಲೇ ಅದರ ಹಲ್ಲು ಹುಳುಕು ಅಂತೀರಿ.”

ಬುರುಡೆಗೆ ಬೇಕಾಗಿದ್ದದ್ದು ಆರು ಗಿಗಾಹರ್ಟ್ಸ್ ಅಲ್ಲ, ಡಾಕ್ಟರ ಬಾಯಿಂದ ಒಂದು ‘ಹೂಂ’. ಅದೊಂದು ಬಿದ್ದರೆ ಹೆಸರು ತಾನಾಗಿ ಉದುರುತ್ತದೆ ಎಂದು ಅವನ ಲೆಕ್ಕ.

ಪ್ರೊಸೆಸರಿನ ವೇಗವೆಂಬುದು ಎರಡು ಸಂಖ್ಯೆಗಳ ಗುಣಾಕಾರ. ಒಂದು ಯಂತ್ರ ಮಿಡಿಯುವ ಮೂಲ ತಾಳ, ಇನ್ನೊಂದು ಆ ತಾಳವನ್ನು ಎಷ್ಟು ಪಟ್ಟು ಮಾಡಬೇಕೆಂಬ ಗುಣಕ. ಎಲ್ಲರೂ ತಾಳವನ್ನೇ ಏರಿಸಲು ಹೋಗಿ ಮುಗ್ಗರಿಸುತ್ತಿದ್ದರು. ಬುರುಡೆ ಡಾಕ್ಟರ ಹಳೆಯ ದಾಖಲೆಯ ದಾರಿ ಹಿಡಿದ: ಯಂತ್ರ ಓಡುತ್ತಿರುವಾಗಲೇ ತಾಳವನ್ನು ತುಸು ಇಳಿಸಿ, ಗುಣಕವನ್ನು ಏರಿಸುತ್ತ ಹೋದ. ಪರದೆಯ ಮೇಲೆ ಆರು ಮೂಡಿತು. ಯಂತ್ರ ಸಾಯಲಿಲ್ಲ. ಅವನು ಅದನ್ನು ಮುಟ್ಟದೆ, ಮಲಗಿದ ಮಗುವಿನ ಪಕ್ಕದಿಂದ ಏಳುವವನಂತೆ ಎದ್ದು, ಡಾಕ್ಟರಿಗೂ ಅಕ್ಕನಿಗೂ ಫೋನು ಮಾಡಿದ.

ಭಾನುವಾರ ಮಧ್ಯಾಹ್ನ ಡಾಕ್ಟರೂ ಅಕ್ಕನೂ ಅವನ ಮನೆಗೆ ಬಂದರು. ಡಾಕ್ಟರು ಚಪ್ಪಲಿ ಬಿಟ್ಟವರೇ ಮೇಜಿನ ಕೆಳಗೆ ಬಗ್ಗಿದರು.

“ತಂಪಿಗೆ ಐಸ್ ಗೀಸ್ ಇಟ್ಟಿಲ್ಲ ತಾನೆ?”

“ನೆಲ ಒರೆಸಿದೀನಿ, ಅಷ್ಟೇ ತಂಪು,” ಎಂದಳು ಬುರುಡೆಯ ಹೆಂಡತಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ಅವಳು, ಒಳಗಿನದನ್ನು ನೋಡಲು ಬರುವವರ ಮುಖ ಅವಳಿಗೆ ಹೊಸದಲ್ಲ.

ಡಾಕ್ಟರು ಬಿಸಿ ನೋಡಿದರು, ವೋಲ್ಟೇಜು ನೋಡಿದರು, ತಂತಿ ಕಿತ್ತಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತನ್ನು ನುಂಗಿ ಅರಗಿಸಿಕೊಂಡ ಮನುಷ್ಯ. ಪರೀಕ್ಷೆಯ ತಂತ್ರಾಂಶವನ್ನು ತಾವೇ ತಂದಿದ್ದರು, ತಾವೇ ಓಡಿಸಿದರು. ಅಂಕ ಬಂತು. ಐದೂಮುಕ್ಕಾಲರ ಚಿಪ್ಪಿಗೆ ಬರುವ ಅಂಕವಲ್ಲ ಅದು. ಮತ್ತೊಮ್ಮೆ ಓಡಿಸಿದರು. ಅದೇ ಬಂತು.

“ಹೂಂ,” ಎಂದರು.

ಅಕ್ಕ ಫೋಟೊ ತೆಗೆದಳು. “ನಾಳೆ ಅಂಗಡಿ ಗಾಜಿಗೆ ಅಂಟಿಸ್ತೀನಿ. ಈ ಡಬ್ಬದಲ್ಲಿ ಬಂದ ಚಿಪ್ಪೆಲ್ಲ ಆರು ಮುಟ್ಟುತ್ತೆ ಅಂತ ಬರೀತೀನಿ.”

“ಎಲ್ಲ ಮುಟ್ಟುತ್ತೆ ಅಂತ ಯಾಕೆ? ಇವನದು ಮುಟ್ತು,” ಎಂದರು ಡಾಕ್ಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: “ಇನ್ಮೇಲೆ ಆ ಹೆಸರು ಬೇಡ ಬಿಡಿ.”

ಬುರುಡೆ ಯಂತ್ರವನ್ನು ಆರಿಸಲಿಲ್ಲ. ಬೆಳಗಿನ ತನಕ ತಡೆದರೆ ಇನ್ನೂ ಗಟ್ಟಿ ಎಂದುಕೊಂಡು ಹಾಗೇ ಓಡಲು ಬಿಟ್ಟ. ಅದು ತಡೆಯಿತು.

ಅವನ ಹೆಂಡತಿ ಬೆಳಿಗ್ಗೆ ಕೂದಲು ಬಾಚುತ್ತ ಹೊತ್ತು ನೋಡುವುದು ಆ ಪರದೆಯ ಮೂಲೆಯಲ್ಲಿ. ಎಂದಿನಂತೆ ನೋಡಿದಳು, ನಿಧಾನವಾಗಿ ಜಡೆ ಹೆಣೆದಳು, ಹೋದಳು. ಕೊಂಚ ಹೊತ್ತಿಗೆ ಏದುಸಿರು ಬಿಡುತ್ತ ವಾಪಸು ಬಂದಳು.

“ಬಸ್ಸು ಹೋಗಿ ಅರ್ಧ ಗಂಟೆ ಮೇಲಾಯ್ತಂತೆ. ಫೋನು ಚೀಲದ ತಳದಲ್ಲಿತ್ತು, ನೋಡ್ಲಿಲ್ಲ. ನಿಮ್ಮ ಯಂತ್ರ ನಂಬಿ ಕೆಟ್ಟೆ ರೀ. ಕಾರಲ್ಲಿ ಬಿಡಿ, ಏಳಿ.”

“ಒಳಗಿನ ಬ್ಯಾಟರಿ ಹೋಗಿರಬೇಕು.”

“ಬ್ಯಾಟರಿ ಹೋಗಿದ್ರೆ ನಿಲ್ಲಬೇಕು. ಇದು ನಿಂತಿಲ್ಲ, ಹಿಂದೆ ಬಿದ್ದಿದೆ.”

ಅವಳನ್ನು ಆಸ್ಪತ್ರೆಗೆ ಬಿಟ್ಟು ಬಂದು, ಪರದೆಯ ಹೊತ್ತನ್ನು ಫೋನಿಗೆ ಸರಿಹೊಂದಿಸಿ, ಫೋನಿನ ಗಡಿಯಾರವನ್ನು ಪರದೆಯ ಪಕ್ಕ ಒರಗಿಸಿಟ್ಟು ಕೂತ. ಎರಡೂ ಜೊತೆಯಲ್ಲೇ ಹೊರಟವು. ಆಮೇಲೆ ಪರದೆಯದು ಸಣ್ಣಗೆ ಕಾಲೆಳೆಯತೊಡಗಿತು. ಜಾತ್ರೆಯಲ್ಲಿ ತಾಯಿಯ ಬೆರಳು ಬಿಟ್ಟ ಕೂಸಿನಂತೆ ಮೊದಲು ಗೊತ್ತೇ ಆಗದಷ್ಟು, ಬಳಿಕ ಕೂಗಿ ಕರೆಯಬೇಕಾದಷ್ಟು.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಂತ್ರ ತನ್ನ ಸೆಕೆಂಡನ್ನು ಅಳೆಯುವುದು ಆ ಮೂಲ ತಾಳದಿಂದಲೇ. ಓಡುವಾಗಲೇ ತಾಳ ಇಳಿಸಿದರೆ ಯಂತ್ರಕ್ಕೆ ಅದು ತಿಳಿಯುವುದಿಲ್ಲ, ಅದರ ಸೆಕೆಂಡು ಉದ್ದವಾಗುತ್ತದೆ. ಉದ್ದದ ಸೆಕೆಂಡಿನಲ್ಲಿ ಹೆಚ್ಚು ಕೆಲಸ ಹಿಡಿಸುತ್ತದೆ. ಅದನ್ನೇ ಅದು ವೇಗವೆಂದು ಬರೆದುಕೊಳ್ಳುತ್ತದೆ. ಇಂಟರ್ನೆಟ್ಟಿನ ತಂತಿ ಇದ್ದಿದ್ದರೆ ಹೊರಗಿನ ಗಡಿಯಾರ ಬಂದು ಕಿವಿ ಹಿಂಡುತ್ತಿತ್ತು. ತಂತಿ ಕಿತ್ತಿತ್ತು. ಗುಣಿಸಿ ಭಾಗಿಸಿ ನೋಡಿದ. ಐದೂಮುಕ್ಕಾಲು. ಊರಿಗೆಲ್ಲ ಬಂದದ್ದೇ ಅವನಿಗೂ ಬಂದಿತ್ತು. ಬಿಸಿ, ವೋಲ್ಟೇಜು, ಫೋಟೊ, ಮೇಜಿನ ಕೆಳಗಿನ ನೆಲ, ಎಲ್ಲವನ್ನೂ ಅನುಮಾನಿಸಿದ್ದರು. ಸೆಕೆಂಡನ್ನು ಯಾರೂ ಅನುಮಾನಿಸಿರಲಿಲ್ಲ.

ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಹೇಳಿದರೆ ಹಳೆಯ ಹೆಸರಿಗೆ ಇಷ್ಟು ದಿನ ಇಲ್ಲದ ಪುರಾವೆ ತಾನೇ ಒದಗಿಸಿದಂತೆ. ಸಂಜೆ ಹೆಂಡತಿಯನ್ನು ಕರೆತರುವಾಗ ದಾರಿಯುದ್ದಕ್ಕೂ ಅವಳಿಗೆ ವಿವರಿಸಿದ.

“ಡಾಕ್ಟ್ರು ಮೊದಲ ಸಲ ನನ್ನನ್ನ ನಂಬಿದ್ರು ಕಣೇ.”

“ನಿಮ್ಮನ್ನೆಲ್ಲಿ ನಂಬಿದ್ರು? ಪರದೆನ ನಂಬಿದ್ರು,” ಎಂದಳು ಅವಳು. “ಹಸಿರು ದೀಪ ಬಂತು, ಹೊರಡಿ. ಹಿಂದಿನವರು ಬೈತಿದಾರೆ.”

ಅವಳನ್ನು ಮನೆಗೆ ಬಿಟ್ಟು ಅಂಗಡಿಗೆ ಹೋದ. ಗಾಜಿನ ಮೇಲೆ ಫೋಟೊ ಆಗಲೇ ಹತ್ತಿತ್ತು. ಒಬ್ಬಾತ ಅದನ್ನು ನೋಡುತ್ತ ನಿಂತಿದ್ದ. ಹಿಂದಿನ ಕೋಣೆಯಲ್ಲಿ ಡಾಕ್ಟರು ಇದ್ದರು. ಬುರುಡೆ ನಿಂತಲ್ಲೇ ಎಲ್ಲ ಹೇಳಿದ, ಉಗುಳು ನುಂಗುವಷ್ಟೂ ವಿರಾಮ ಕೊಡದೆ.

ಅಕ್ಕನಿಗೆ ಪಿತ್ತ ನೆತ್ತಿಗೇರಿತು. “ನೋಡಪ್ಪಾ, ಕಣ್ಣಾರೆ ಕಂಡಿದೀನಿ ನಾನು. ಈಗ ಬಂದು ಸೆಕೆಂಡೇ ಉದ್ದ ಅಂತೀಯಲ್ಲ, ಇದಕ್ಕಿಂತ ದೊಡ್ಡ ಬುರುಡೆ ನಾನು ಕೇಳಿಲ್ಲ. ಆರು ಮುಟ್ತು ಅಂದಿದ್ದೇ ಎಷ್ಟೋ ವಾಸಿ.”

“ಅದೂ ನಾನೇ ಹೇಳಿದ್ದು ಅಕ್ಕ. ಇದೂ ನಾನೇ ಹೇಳ್ತಿರೋದು.”

“ಯಾವುದನ್ನ ನಂಬಲಿ?”

“ಎರಡನ್ನೂ ನಂಬಬೇಡ. ಮಾಡಿ ನೋಡು.”

ಡಾಕ್ಟರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅಂಗಡಿಯ ಯಂತ್ರದಲ್ಲೂ ಅದೇ ಚಿಪ್ಪು ಇತ್ತು. ತಂತಿ ಕಿತ್ತರು. ಬುರುಡೆ ಹೇಳಿದಂತೆ ಅಕ್ಕನೇ ತಾಳ ಇಳಿಸಿದಳು, ಗುಣಕ ಏರಿಸಿದಳು. ಪರದೆಯ ಮೇಲೆ ಆರು ಬಂತು. ಅವಳು ಅದನ್ನು ನೋಡಲಿಲ್ಲ. ಮೂವರೂ ಗಡಿಯಾರದ ಮುಳ್ಳನ್ನೂ ಪರದೆಯ ಮೂಲೆಯನ್ನೂ ನೋಡುತ್ತ ಕೂತರು. ಮುಳ್ಳು ಮುಂದೆ ಹೋಯಿತು. ಪರದೆ ಹಿಂದುಳಿಯಿತು. ಅಕ್ಕ ಎದ್ದು ಹೋಗಿ, ಫೋಟೊವನ್ನು ಉಗುರಿಂದ ಕೆರೆದು ಕಿತ್ತಳು. ಅಂಟು ಗಾಜಿನ ಮೇಲೆ ಉಳಿಯಿತು.

“ಹೊರಗೆ ನಿಂತವನಿಗೆ ಏನು ಹೇಳಲಿ ಈಗ?” ಎಂದು ಅಲ್ಲಿಂದಲೇ ಕೇಳಿದಳು.

“ಐದೂಮುಕ್ಕಾಲು ಅನ್ನು,” ಎಂದ ಬುರುಡೆ.

ಡಾಕ್ಟರು ಗಡಿಯಾರವನ್ನು ಕೈಗೆ ಕಟ್ಟಿಕೊಳ್ಳಲಿಲ್ಲ. ಅಂಗೈಯಲ್ಲಿ ತೂಗುವಂತೆ ಹಿಡಿದು ಕೂತಿದ್ದರು. ಓಡುವಾಗಲೇ ತಾಳ ಇಳಿಸುವುದು ಅವರ ದಾರಿ. ತಂತಿ ಕೀಳಬೇಕೆಂಬುದು ಅವರ ನಿಯಮ. ಆ ಎರಡು ಮಾತುಗಳು ಅವರೊಳಗೆ ಭೇಟಿಯಾಗುತ್ತಿರುವುದು ಬುರುಡೆಗೆ ಕಂಡಿತು. ಅವರ ದಾಖಲೆಯೂ ಉದ್ದದ ಸೆಕೆಂಡಿನದೇ ಇರಬಹುದೆಂದು ಅವನಿಗೆ ಬೆಳಿಗ್ಗೆಯೇ ಹೊಳೆದಿತ್ತು, ಬಾಯಿ ಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ.

“ನನ್ನ ದಾಖಲೆಯ ಆ ಹಳೇ ಯಂತ್ರ ಅಟ್ಟದ ಮೇಲಿದೆ,” ಎಂದರು ಡಾಕ್ಟರು. “ಇನ್ನೂ ಓಡುತ್ತೆ ಅನ್ಸುತ್ತೆ.”

“ಇರಲಿ ಬಿಡಿ ಡಾಕ್ಟ್ರೇ. ಎಷ್ಟು ವರ್ಷದ ಮಾತು.”

“ಉಹೂಂ. ಸಾಕ್ಷಿ ಒಬ್ಬರು ಬೇಕು. ನಾನೇ ನೋಡಿ ನಾನೇ ಹೇಳಿದ್ರೆ ಯಾರು ನಂಬ್ತಾರೆ? ನಾಳೆ ಕ್ಲಿನಿಕ್ ಮುಚ್ಚಿದ ಮೇಲೆ ನೀನು ಬಾ.”

“ನಾನಾ?”

“ಮತ್ತಿನ್ಯಾರು.”

“ತಂತಿ ಹಾಕಿ ಓಡಿಸೋದಾ, ಕಿತ್ತು ಓಡಿಸೋದಾ?” ಎಂದ ಬುರುಡೆ.

“ಮೊದಲು ಕಿತ್ತು,” ಎಂದರು ಡಾಕ್ಟರು. “ಅವತ್ತು ಮಾಡಿದ ಹಾಗೇ ಮಾಡೋಣ.”