ಮೊದಲು ಕೈ ತೋರಿಸಿ

ಮಗ ಬರಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋದರೆ ಯಾವ ತಾಯಿಗೆ ತಾನೆ ಗಂಟಲಲ್ಲಿ ತುತ್ತು ಇಳಿಯುತ್ತದೆ? ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ದೊಡ್ಡಕ್ಕನ ಪಾಡೂ ಅದೇ. ಅಲ್ಲಿ ಎಲ್ಲರಿಗೂ ಆಕೆ ದೊಡ್ಡಕ್ಕ. ಮಗ ಆರಡಿ ಆಳು, ಆದರೂ ಆಕೆಯ ಬಾಯಲ್ಲಿ ಇನ್ನೂ ಪುಟ್ಟ.

ಪುಟ್ಟನ ಕೆಲಸ ಪೊಲೀಸರ ಕಮಾಂಡೊ ಪಡೆಯಲ್ಲಿ. ಭಯೋತ್ಪಾದಕರು ಎಲ್ಲಾದರೂ ನುಗ್ಗಿ ಜನರ ಮೇಲೆ ಗುಂಡು ಹಾರಿಸಿದರೆ, ಎಲ್ಲರೂ ಹೊರಗೆ ಓಡುವಾಗ ಒಳಗೆ ಹೋಗುವವರು ಇವರು. ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಅವನು ಮನೆಯಲ್ಲಿ ಹೇಳುವಂತಿಲ್ಲ. ಆಕೆಯೂ ಕೇಳುವುದನ್ನು ಬಿಟ್ಟಿದ್ದಾಳೆ. "ಇನ್ನೊಂದು ಸ್ವಲ್ಪ ಹಾಕಲಾ?" ಎನ್ನುವುದೇ ಆಕೆ ಹೇಳುವ "ಹುಷಾರಾಗಿರು". "ಸಾಕಮ್ಮ" ಎನ್ನುವುದೇ ಅವನು ಹೇಳುವ "ಹೆದರಬೇಡ".

ಅಂದು ಬೆಳಿಗ್ಗೆ ಫೋನ್ ಬಂತು, ಅವನು ಊಟದ ಡಬ್ಬಿಯನ್ನೂ ಬಿಟ್ಟು ಓಡಿದ. ಆ ಡಬ್ಬಿಯನ್ನು ಖಾಲಿ ಮಾಡಲು ಮನಸ್ಸು ಬಾರದೆ ದೊಡ್ಡಕ್ಕ ತನ್ನ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಬಂದಳು.

ಹತ್ತು ಗಂಟೆಗೆ ವಾರ್ಡಿನ ಸಿಸ್ಟರ್ ಬಂದರು.

"ಹನ್ನೊಂದಕ್ಕೆ ಕಮಾಂಡೊಗಳ ಅಣಕು ಕಾರ್ಯಾಚರಣೆ ಇದೆ. ಬರೀ ಅಭ್ಯಾಸ, ಬಂದೂಕಲ್ಲಿ ಗುಂಡಿರಲ್ಲ. ಆದ್ರೆ ನಿಜ ಅಂತಾನೇ ನಡ್ಕೊಳ್ಳಿ. ತಪ್ಪಿಸ್ಕೊಳ್ಳೋಕೆ ದಾರಿ ಇದ್ರೆ ಓಡಿ. ಇಲ್ದಿದ್ರೆ ಬಾಗಿಲು ಹಾಕಿ, ದೀಪ ಆರಿಸಿ, ಫೋನ್ ಸದ್ದು ನಿಲ್ಲಿಸಿ ಬಚ್ಚಿಟ್ಕೊಳ್ಳಿ. ಪೊಲೀಸರು ಒಳಗೆ ಬಂದಾಗ ಎರಡೂ ಕೈ ಖಾಲಿ ಇರ್ಲಿ, ಬೆರಳು ಬಿಡಿಸಿ ತೋರಿಸಿ. ಹತ್ರ ಮಾತ್ರ ಹೋಗ್ಬೇಡಿ."

ಬಟ್ಟೆಗೆ ಇಸ್ತ್ರಿ ಹಾಕುವ ಮುದುಕನನ್ನು ಎಲ್ಲರೂ ಇಸ್ತ್ರಿ ಮಾವ ಎನ್ನುತ್ತಿದ್ದರು. ಆತ ಮೂಗು ಮುರಿದ. "ಕಾಪಾಡೋಕೆ ಬರೋರ ಮುಂದೆ ಕೈ ಎತ್ತೋಕೆ ನಾವೇನು ಕಳ್ಳರಾ ಸಿಸ್ಟರ್?"

"ಯಾರು ಕಳ್ಳ, ಯಾರು ಮಾವ ಅಂತ ಹಣೆ ಮೇಲೆ ಬರೆದಿರುತ್ತಾ?"

"ದೊಡ್ಡಕ್ಕನ್ನೇ ಕೇಳಿ. ಮಗ ಅದೇ ಪಡೇಲಿ ಇರೋದು."

ದೊಡ್ಡಕ್ಕ ಹಾಸಿಗೆಯ ಬಟ್ಟೆ ಮಡಿಸುತ್ತಲೇ ನಕ್ಕಳು. "ನಮ್ಮ ಪುಟ್ಟ ಇರುವೆ ಕಂಡ್ರೂ ಪಕ್ಕಕ್ಕೆ ಹೆಜ್ಜೆ ಇಡೋನು. ಅವನಿಗೆ ಕೈ ತೋರಿಸೋದು ಏನು ಬಂತು?"

ಹನ್ನೊಂದಕ್ಕೆ ಎಚ್ಚರಿಕೆಯ ಗಂಟೆ ಬಡಿಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ದಡಾರನೆ ತೆರೆದು ಐವರು ಒಳಗೆ ಬಂದರು. ಕಪ್ಪು ಉಡುಪು, ತಲೆಗೆ ಹೆಲ್ಮೆಟ್, ಮುಖ ಪೂರ್ತಿ ಮುಚ್ಚಿತ್ತು. ಮೂರನೆಯವನ ಎಡ ಭುಜ ಒಂಚೂರು ಇಳಿಬಿದ್ದಿತ್ತು. ಹೆತ್ತವಳಿಗೆ ಮುಖ ಬೇಕೆ? ದೊಡ್ಡಕ್ಕ ಎಲ್ಲ ಮರೆತಳು.

"ಪುಟ್ಟಾ, ಬೆಳಿಗ್ಗೆಯಿಂದ ಏನೂ ತಿಂದಿಲ್ವಲ್ಲೋ," ಎನ್ನುತ್ತ ಮೊಳೆಯಲ್ಲಿ ತೂಗುತ್ತಿದ್ದ ಚೀಲಕ್ಕೆ ಕೈ ಹಾಕಿ ಎರಡು ಹೆಜ್ಜೆ ಮುಂದೆ ಬಂದಳು.

"ಕೈ ತೋರಿಸಿ! ನೆಲಕ್ಕೆ ಬಗ್ಗಿ!"

ಮಗನ ದನಿ. ಆದರೆ ಆ ದನಿಯನ್ನು ಆಕೆ ಎಂದೂ ಕೇಳಿರಲಿಲ್ಲ. ಬಂದೂಕಿನ ಬಾಯಿ ಆಕೆಯ ಎದೆಗೇ ನೆಟ್ಟಿತ್ತು. ಆಕೆ ಚೀಲ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟಳು. ಅಷ್ಟರಲ್ಲಿ ಅಧಿಕಾರಿಯೊಬ್ಬರು ಬಂದು ಮಗನ ಬೆನ್ನು ತಟ್ಟಿದರು. ಅವನು ಬಂದೂಕು ಇಳಿಸಿ, ಹೋಗಿ ಗೋಡೆಗೆ ಒರಗಿ ಕುಳಿತ. ಉಳಿದ ನಾಲ್ವರು ಮುಂದೆ ನುಗ್ಗಿದರು. ಅವನೊಬ್ಬನೇ ಏಕೆ ಕುಳಿತನೆಂದು ಆಕೆಗೆ ತಿಳಿಯಲಿಲ್ಲ.

ಸಂಜೆ ಅವನು ಮನೆಗೆ ಬಂದ. ಆಕೆ ಅಡುಗೆಮನೆಯಲ್ಲಿ ಬಡಿಸಿದಳು. ಅವನು ತಟ್ಟೆ ಮುಟ್ಟಲಿಲ್ಲ. ಕೊನೆಗೆ ಆಕೆಯೇ ಕೇಳಿದಳು.

"ನನ್ನ ಗುರುತು ಸಿಗ್ಲಿಲ್ವಾ ನಿಂಗೆ?"

"ಸಿಕ್ತು."

"ಸಿಕ್ಕಿದ್ರೂ ಗುರಿ ಇಟ್ಯಲ್ಲೋ."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಬಾಗಿಲು ದಾಟಿದ್ಮೇಲೆ ನಾವು ಮುಖ ನೋಡಲ್ಲಮ್ಮ, ಕೈ ನೋಡ್ತೀವಿ. ಚೀಲದೊಳಗೆ ಹೋದ ಕೈಲಿ ಡಬ್ಬಿ ಇದೆಯೋ, ಬಾಂಬ್ ಇದೆಯೋ, ಹೇಗೆ ಗೊತ್ತಾಗ್ಬೇಕು? ನೀನೇ ಅಂತ ಗೊತ್ತಾದ್ರೂ ಕಣ್ಣು ಚೀಲದ ಮೇಲೇ ನಿಂತ್ಬಿಡ್ತು. ಮೂಲೆ ನೋಡ್ಬೇಕಾದೋನು ನಾನು. ಆ ಮೂಲೇಲಿ ಬಟ್ಟೆ ರಾಶಿ ಹಿಂದೆ ಭಯೋತ್ಪಾದಕನ ಪಾತ್ರದೋನು ಅಡಗಿದ್ದ."

"ಆಮೇಲೆ?"

"ಅಧಿಕಾರಿ ಬೆನ್ನು ತಟ್ಟಿದ್ರಲ್ಲ, ಅವನ ಗುಂಡು ನಂಗೆ ತಗುಲ್ತು ಅಂತ ಅರ್ಥ. ಇವತ್ತು ನಾನು ಸತ್ತೆ ಅಮ್ಮ."

ದೊಡ್ಡಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇಷ್ಟು ವರ್ಷ ಆ ಮನೆಯಲ್ಲಿ ಇಬ್ಬರೂ ಬಾಯಿಗೆ ತಾರದೆ ಕಾಪಾಡಿಕೊಂಡು ಬಂದ ಮಾತು ಅದು. ತನ್ನ ಪ್ರೀತಿಯೇ ಅವನ ಬೆನ್ನನ್ನು ಗುಂಡಿಗೆ ಒಡ್ಡಿತ್ತು.

ಸೌಟನ್ನು ಕೆಳಗಿಟ್ಟು ಅವನ ಎದುರು ಕುಳಿತಳು. "ನಾನೇನು ಮಾಡ್ಬೇಕು, ಹೇಳ್ಕೊಡು."

ಸೋಪು, ಸೋಡಾದಲ್ಲಿ ನೆಂದು ಸಿಪ್ಪೆ ಎದ್ದ ಆ ಕೈಗಳನ್ನು ಅವನು ಮೇಜಿನ ಮೇಲಿಟ್ಟು ಒಂದೊಂದೇ ಬೆರಳು ಬಿಡಿಸಿದ. "ಹೀಗೆ. ನೆಲದ ಮೇಲಿದ್ರೆ ಮುಂದಕ್ಕೆ ಚಾಚು. ಹೆಸರು ಹಿಡಿದು ಕರೀಬೇಡ, ನಮ್ಮನ್ನ ಹಿಡ್ಕೋಬೇಡ. ಹೇಳಿದ ಕಡೆ ಎದ್ದು ಹೋಗು. ಯಾರಾದ್ರೂ ಗಾಯ ಆಗಿ ಬಿದ್ದಿದ್ರೂ ನಾವು ದಾಟಿ ಹೋಗ್ತೀವಿ."

"ನಾನು ಬಿದ್ದಿದ್ರೂ?"

"ಹ್ಞೂಂ. ಗುಂಡು ಹಾರಿಸೋನನ್ನ ಮೊದಲು ನಿಲ್ಲಿಸ್ಬೇಕಲ್ಲಮ್ಮ. ಇಲ್ದಿದ್ರೆ ಇನ್ನೂ ಹತ್ತು ಅಮ್ಮಂದಿರು ಬೀಳ್ತಾರೆ. ನಿನ್ನ ನೋಡೋಕೆ ನಮ್ಮ ಹಿಂದೇನೇ ಡಾಕ್ಟರ್ ಬರ್ತಾರೆ."

ಆಕೆ ತಲೆಯಾಡಿಸಿದಳು. ಹೇಳಿಕೊಟ್ಟು ಮುಗಿದಿತ್ತು, ಆದರೂ ಅವನು ಕೈ ಬಿಡಲಿಲ್ಲ. "ಬಿಡೋ, ಊಟ ಆರಿಹೋಗುತ್ತೆ," ಎಂದಳು. ಬಿಡಿಸಿಕೊಳ್ಳಲು ಆಕೆಗೂ ಆತುರವಿರಲಿಲ್ಲ.

ಮರುದಿನ ಇಸ್ತ್ರಿ ಮಾವ ಫೋನ್ ಹಿಡಿದು ಬಂದ. "ನಿನ್ನೇದೆಲ್ಲ ವಿಡಿಯೊ ಮಾಡಿದ್ದೀನಿ. ಎಲ್ಲ ವಾಟ್ಸಾಪ್ ಗುಂಪಿಗೂ ಕಳಿಸ್ತೀನಿ."

"ನಿಜವಾದ ದಾಳಿ ದಿನಾನೂ ಕಳಿಸ್ತೀರಾ ಮಾವ?" ಎಂದರು ಸಿಸ್ಟರ್. "ಒಳಗಿರೋ ಭಯೋತ್ಪಾದಕನ ಹತ್ರಾನೂ ಫೋನ್ ಇರುತ್ತೆ. ಪೊಲೀಸರು ಯಾವ ಬಾಗಿಲಲ್ಲಿ ನಿಂತಿದ್ದಾರೆ ಅಂತ ನೀವೇ ತೋರಿಸಿದ ಹಾಗಾಗುತ್ತೆ."

ಮಾವ ದೊಡ್ಡಕ್ಕನ ಮುಖ ನೋಡಿದ. ಆತ ಕನ್ನಡಕ ಏರಿಸಿ, ತಡಕಾಡಿ ತಡಕಾಡಿ ವಿಡಿಯೊ ಅಳಿಸಿದ.

"ಈಗ ಕೈ ಬಿಡಿಸಿ ಮಾವ," ಎಂದಳು ದೊಡ್ಡಕ್ಕ.

"ಈ ವಯಸ್ಸಲ್ಲಿ ಕವಾಯತು ಮಾಡಿಸ್ತೀಯಲ್ಲೇ ತಾಯಿ," ಎಂದು ಗೊಣಗುತ್ತಲೇ ಆತ ಹತ್ತೂ ಬೆರಳು ಬಿಡಿಸಿದ.

ತಿಂಗಳ ನಂತರ ಮತ್ತೆ ಅಭ್ಯಾಸ ನಡೆಯಿತು. ಬಾಗಿಲು ತೆರೆದಾಗ ಬಟ್ಟೆ ವಿಭಾಗದವರೆಲ್ಲ ನೆಲದ ಮೇಲೆ ಕೈ ಚಾಚಿ ಮಲಗಿದ್ದರು. ಯಾರೂ ಕೂಗಲಿಲ್ಲ, ಯಾರೂ ಏಳಲಿಲ್ಲ. ದೊಡ್ಡಕ್ಕನ ಕಿವಿಯ ಪಕ್ಕದಲ್ಲೇ ಐದು ಜೊತೆ ಬೂಟು ದಾಟಿ ಹೋದವು. ಒಂದೂ ನಿಲ್ಲಲಿಲ್ಲ. ಅದರಲ್ಲಿ ತನ್ನ ಮಗನದು ಯಾವುದೆಂದು ಆಕೆ ತಲೆಯೆತ್ತಿ ನೋಡಲಿಲ್ಲ. ಐದೂ ತನ್ನವೇ ಎಂದುಕೊಂಡಳು.

ಓದುಗರೆ, ಅಂಥ ದಿನ ನಿಮಗೆ ಬಾರದಿರಲಿ. ಬಂದರೆ ತಪ್ಪಿಸಿಕೊಳ್ಳಿ, ಆಗದಿದ್ದರೆ ಬಚ್ಚಿಟ್ಟುಕೊಳ್ಳಿ, ಸದ್ದಾಗದಂತೆ ಪೊಲೀಸರಿಗೆ ತಿಳಿಸಿ. ಅವರ ಚಿತ್ರ, ವಿಡಿಯೊ ಯಾರಿಗೂ ಕಳಿಸಬೇಡಿ. ಅವರು ಬಂದಾಗ ಖಾಲಿ ಕೈ ತೋರಿಸಿ, ದಾರಿ ಬಿಡಿ. ಆ ಮುಸುಕಿನ ಹಿಂದೆ ಯಾವುದೋ ಮನೆಯ ಪುಟ್ಟ ಇದ್ದಾನೆ. ಇಂದು ಮನೆಯವರೊಡನೆ ಕುಳಿತಾಗ ಇದನ್ನೊಮ್ಮೆ ಹೇಳಿ, ಅವರ ಬೆರಳು ಬಿಡಿಸಿ ತೋರಿಸಿ.