ಮೇಸ್ತ್ರಿ ಅಂತ ಹಾಕು

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ಹೇಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಸಂಜೆ ಕಾಲೇಜಿನಲ್ಲಿ ಓದಿ, ದಾವಣಗೆರೆಯ ವಿನೋಬನಗರದ ಕಂಪ್ಯೂಟರ್ ಸೆಂಟರ್‌ನಲ್ಲಿ ಜನರ ಅರ್ಜಿ ತುಂಬುವವಳು ನಾನು. ಹೆಸರಿನ ಕಾಗುಣಿತವನ್ನು ಮೂರು ಸಲ ನೋಡದೆ ಬಟನ್ ಒತ್ತುವವಳಲ್ಲ.

ನಮ್ಮೆದುರಿಗೇ ಉಚ್ಚಂಗೆಪ್ಪನವರ ಆಟೋ ಗ್ಯಾರೇಜು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು ಗಾಡಿಯ ಕಾಯಿಲೆ ಹೇಳುತ್ತಿದ್ದ ಮನುಷ್ಯ. ಈಗ ಸ್ಟ್ಯಾಂಡಿಗೆ ಬರುವ ಹೊಸ ಆಟೋಗಳೆಲ್ಲ ಬ್ಯಾಟರಿಯವು. ಕೆಟ್ಟರೆ ಶೋರೂಮಿನವರು ಲ್ಯಾಪ್‌ಟಾಪ್ ಚುಚ್ಚಿ ನೋಡುತ್ತಾರೆ. ಹೊರಗಿನವರು ಬಿಚ್ಚಿದರೆ ವಾರಂಟಿ ಹೋಗುತ್ತದೆ.

"ಇಂಜಿನ್ನೇ ಇಲ್ಲದ ಗಾಡಿಗೆ ಎಲ್ಲಿ ಕಿವಿ ಇಡ್ಲಿ ತಂಗಿ? ಮೂಗನ ಕೂಡ ಮಾತಾಡ್ದಂಗೆ," ಎನ್ನುತ್ತಿದ್ದರು.

ಹೋದ ಆಷಾಢದಲ್ಲಿ, ಹಲವು ಕಸುಬು ಕಲಿಸುವ ಹರಿಹರದ ಒಂದು ತರಬೇತಿ ಕೇಂದ್ರದಿಂದ ಪ್ರಕಟಣೆ ಬಂತು. ಹಳೆಯ ಮೆಕ್ಯಾನಿಕ್‌ಗಳಿಗೆ ಬ್ಯಾಟರಿ ಗಾಡಿಯ ಕೆಲಸ ಉಚಿತವಾಗಿ ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಇಪ್ಪತ್ತೇ ಸೀಟು. ಸಿಗದಿದ್ದರೆ ಗ್ಯಾರೇಜು ಮುಚ್ಚುವುದೆಂದು ಉಚ್ಚಂಗೆಪ್ಪ ತೀರ್ಮಾನಿಸಿದ್ದರು.

ಅರ್ಜಿಯಲ್ಲಿ ವೃತ್ತಿ ಎಂಬ ಜಾಗ ಬಂತು.

"ಏನಂತ ಹಾಕ್ಲಿ ಅಣ್ಣಾರ?"

"ಊರೆಲ್ಲ ಏನಂತ ಕರೀತೈತೆ? ಮೇಸ್ತ್ರಿ ಅಂತ ಹಾಕು."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ದುರುಗವ್ವ ನಕ್ಕರು. "ಮನಿ ನಲ್ಲಿ ಸೋರೋದು ನಿಲ್ಸಾಕೆ ಆಗಿಲ್ಲ, ಮೇಸ್ತ್ರಿಯಂತೆ!"

ನಾನೂ ನಗುತ್ತಲೇ ಟೈಪ್ ಮಾಡಿದೆ. ಯಾವ ತರಬೇತಿ ಎಂಬ ಮುಂದಿನ ಸಾಲು ತಾನಾಗಿಯೇ ತುಂಬಿಕೊಂಡಿತು. ಮೂರು ಸಲ ನೋಡಿದ್ದು ಹೆಸರನ್ನು, ಆ ಸಾಲನ್ನಲ್ಲ.

ಕರೆ ಬಂದಾಗ ಖುಷಿಗೆ ನಾನೂ ರಜೆ ಹಾಕಿ ಅವರ ಜೊತೆ ಹರಿಹರಕ್ಕೆ ಹೋದೆ. ಮೇಜಿನ ಹಿಂದಿದ್ದ ಗುಮಾಸ್ತರು ಪಟ್ಟಿ ನೋಡಿ ಪಕ್ಕದ ಕೊಠಡಿ ತೋರಿಸಿದರು. ಒಳಗೆ ಇಟ್ಟಿಗೆ, ಮರಳು.

"ನಾನು ಆಟೋ ಮೇಸ್ತ್ರಿ ರೀ."

"ಸಿಸ್ಟಮ್‌ನಾಗೆ ಗಾರೆ ಮೇಸ್ತ್ರಿ ಅಂತ ಐತಲ್ರಿ ಯಜಮಾನ್ರೆ."

"ಈ ಕೈ ನೋಡ್ರಿ. ಸಿಮೆಂಟೋ, ಗ್ರೀಸೋ?"

"ಕೈ ಅಪ್‌ಲೋಡ್ ಮಾಡಾಕೆ ಬರಲ್ಲ. ಬ್ಯಾಟರಿ ಸೀಟು ಇಪ್ಪತ್ತೂ ಭರ್ತಿ ಆಗ್ಯಾವೆ."

ಬ್ಯಾಟರಿ ಕೊಠಡಿಯಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಶೋರೂಮಿನ ಅಂಗಿ ತೊಟ್ಟಿದ್ದರು. ಉಚ್ಚಂಗೆಪ್ಪನವರಿಂದ ಹಾಜರಿಗೆ ಸಹಿ ಹಾಕಿಸಿಕೊಂಡು, ಗಾರೆ ಬಳಿಯುವ ಒಂದು ಕರಣೆ ಕೊಟ್ಟು ಕಳಿಸಿದರು.

ಬಸ್ಸಿನಲ್ಲಿ ಅವರೇ ನನ್ನನ್ನು ಸಮಾಧಾನ ಮಾಡಿದರು. "ಮೇಲಿನವ್ರು ಯಾರೋ ಎಡವಟ್ಟು ಮಾಡ್ಯಾರೆ. ನೀನು ಓದಿದಾಕಿ, ನಿನ್ ಕೈಲಿ ತಪ್ಪಾಗಲ್ಲ ಬಿಡು."

ನಾನು ಹೂಂ ಎಂದೆ.

ಆಯುಧಪೂಜೆಗೆ ಸ್ಪ್ಯಾನರುಗಳ ಸಾಲಿನಲ್ಲಿ ಆ ಕರಣೆಯನ್ನೂ ಇಟ್ಟು ಕುಂಕುಮ ಹಚ್ಚಿದರು. ಆ ವಾರವೇ ಶಟರ್ ಇಳಿಯಿತು. ಈಗ ಎಸ್.ಎಸ್. ಬಡಾವಣೆಯ ಕಟ್ಟಡವೊಂದರಲ್ಲಿ ಗಾರೆಯವರಿಗೆ ಸಿಮೆಂಟ್ ಕಲಸಿಕೊಡುತ್ತಾರೆ. ಅಲ್ಲಿ ಅವರನ್ನು ಯಾರೂ ಮೇಸ್ತ್ರಿ ಎನ್ನುವುದಿಲ್ಲ.

ಮೆಕ್ಯಾನಿಕ್ ಎಂದು ಬರೆದಿದ್ದರೆ ಸೀಟು ಸಿಗುತ್ತಿತ್ತೇ? ಗೊತ್ತಿಲ್ಲ. ತಪ್ಪು ನನ್ನದೆಂದು ಅಂದು ಬಸ್ಸಿನಲ್ಲೇ ಅವರಿಗೆ ತಿಳಿದಿತ್ತೇ? ಅದೂ ಗೊತ್ತಿಲ್ಲ. ಇನ್ನೂ ಕೇಳಿಲ್ಲ.