ಶಂಭುಲಿಂಗನ ಅಜ್ಜಿಯರು

ನೂರಜಹಾನಳ ಮುಂಗೈಗಳನ್ನು ನೋಡಿದರೆ ಆಕೆಯ ಕೆಲಸ ಏನೆಂದು ಕೇಳಬೇಕಾಗಿಲ್ಲ. ಮೊಣಕೈವರೆಗೂ ಎಣ್ಣೆ ಸಿಡಿದ ಕಪ್ಪು ಚುಕ್ಕೆಗಳು. ಬಳೆ ಹಾಕುವುದನ್ನು ಎಂದೋ ಬಿಟ್ಟಿದ್ದಾಳೆ. ಒಲೆಯ ಮುಂದೆ ಬಳೆ ಕಾದು ಚರ್ಮ ಸುಡುತ್ತದೆ. ಸವಣೂರಿನ ನಮ್ಮ ಓಣಿಯಲ್ಲಿ ಶಂಭುಲಿಂಗನ ಕರಿದ ಖಾರದ ಅಂಗಡಿಗೆ ಹೆಸರು ಬಂದದ್ದು ಈ ಕೈಗಳಿಂದ. ಕೂದಲು ಕಪ್ಪಗಿದ್ದಾಗ ಆ ಒಲೆಯ ಮುಂದೆ ಕೂತವಳು, ಬೆಳ್ಳಗಾದರೂ ಎದ್ದಿರಲಿಲ್ಲ. ಕಡೆಗೆ ಶಂಭುಲಿಂಗನೇ ಎಬ್ಬಿಸಿದ.

"ನಾಳಿಂದ ಬರಬ್ಯಾಡ ನೂರಜಹಾನ. ಯಾಪಾರ ಇಲ್ಲ."

ಹಾಗೆ ಹೇಳುವಾಗಲೇ ಅವನ ಬೆನ್ನ ಹಿಂದೆ ಟೆಂಪೊದಿಂದ ಚೀಲ ಇಳಿಯುತ್ತಿದ್ದವು. ಯಾವುದೋ ಊರಿನಲ್ಲಿ ಮಷಿನ್ ಉಗುಳಿದ ಖಾರ.

"ಯಾಪಾರ ಇಲ್ಲಂದ್ರ ಅವು ಏನ್ರಿ ಸಾವ್ಕಾರ್ರ?"

"ಅವಾ? ಅವು ಆನ್‌ಲೈನ್ ಮಾಲು. ಅದು ಬ್ಯಾರೇನ."

ನನ್ನ ಪಂಕ್ಚರ್ ಅಂಗಡಿ ಎದುರಿಗೇ ಇದೆ. ಟ್ಯೂಬು ನೀರಿನಲ್ಲಿ ಮುಳುಗಿಸಿಕೊಂಡು ಎಲ್ಲವನ್ನೂ ನೋಡುತ್ತೇನೆ, ಕೇಳುತ್ತೇನೆ. ನೂರಜಹಾನ ಸೆರಗು ಕೊಡವಿಕೊಂಡು ಹೋದದ್ದನ್ನೂ ನೋಡಿದೆ. ಅಂದು ಬಾಯಿ ಬಿಡಲಿಲ್ಲವಲ್ಲ ಎಂದು ಈಗಲೂ ಸಿಟ್ಟು ಬರುತ್ತದೆ, ನನ್ನ ಮೇಲೆ ಸ್ವಲ್ಪ, ಅವನ ಮೇಲೆ ಬಹಳ.

ಆನ್‌ಲೈನ್ ಮಾಲಿನ ಕಥೆ ಹೀಗೆ. ಶಂಭುಲಿಂಗ ಮೊಬೈಲಿನಲ್ಲಿ ಖಾರ ಮಾರಲು ಶುರು ಮಾಡಿದ್ದ. ಅಲ್ಲಿ ಖಾರದ ಫೋಟೊ ಸಾಲುವುದಿಲ್ಲವಂತೆ, ಅಜ್ಜಿ ಬೇಕಂತೆ. ಅಂಗಡಿಯಲ್ಲಿ ಹಾಲವ್ವ ಇದ್ದಳು. ಕಸ ಹೊಡೆಯುವುದು, ಕಡಾಯಿ ತಿಕ್ಕುವುದು ಆಕೆಯ ಕೆಲಸ. ಆಕೆಗೆ ತನ್ನ ಹೆಂಡತಿಯ ಇಳಕಲ್ ಸೀರೆ ಉಡಿಸಿದ, ಹಣೆಗೆ ಢಾಳಾಗಿ ವಿಭೂತಿ ಬಳಿದ, ಊರ ಹೊರಗಿನ ವೀಳ್ಯದೆಲೆ ತೋಟಕ್ಕೆ ಕರೆದೊಯ್ದ. ಬಳ್ಳಿಗಳ ನಡುವೆ ಕಡಾಯಿ ಇಟ್ಟು ಕೈಗೆ ಕರಿಯುವ ಝಾರಿ ಸೌಟು ಕೊಟ್ಟು ಫೋಟೊ ಹೊಡೆದ. ಎಲೆ ಬಳ್ಳಿಯ ಬುಡದಲ್ಲಿ ಯಾರಾದರೂ ಎಣ್ಣೆ ಕಾಯಿಸುತ್ತಾರೆಯೇ? ತೋಟದವನು ಬಡಿಗೆ ಹಿಡಿದು ಓಡಿಬರುತ್ತಾನೆ. ಆದರೆ ಮೊಬೈಲಿನಲ್ಲಿ ಕೊಳ್ಳುವವರಿಗೆ ಇದೆಲ್ಲ ಎಲ್ಲಿ ಗೊತ್ತು! "ಹಾಲವ್ವಜ್ಜಿಯ ಕೈರುಚಿ. ಐದು ತಲೆಮಾರಿನ ಗುಟ್ಟು. ಅಜ್ಜಿಯೇ ಕೈಯಾರೆ ಕರಿದದ್ದು" ಎಂದು ಬರೆದ. ಆರ್ಡರು ಧೋ ಧೋ ಎಂದು ಸುರಿದವು. ಫೋಟೊ ಮುಗಿದ ಕೂಡಲೇ ಸೀರೆಯನ್ನು ವಾಪಸ್ ತೆಗೆದುಕೊಂಡರು. ಹಾಲವ್ವನಿಗೆ ಸಿಕ್ಕಿದ್ದು ಡಬ್ಬಿಯ ತಳದಲ್ಲಿ ಪುಡಿಯಾಗಿ ಉಳಿದ ಒಂದು ಪೊಟ್ಟಣ ಖಾರ.

ಮೊದಲು ಹೋಗುತ್ತಿದ್ದದ್ದು ನೂರಜಹಾನ ಕರಿದ ಖಾರವೇ. ಜನ ಬಾಯಿ ಚಪ್ಪರಿಸಿ ಹೊಗಳಿ ಬರೆದರು. ಹೆಸರು ಬಂತು, ಇನ್ನು ರುಚಿ ಯಾಕೆ ಎಂದುಕೊಂಡ ಶಂಭುಲಿಂಗ. ಮಷಿನ್ ಚೀಲ ಬಂದದ್ದು ಆಮೇಲೆ.

ಚೀಲದ ಖಾರ ಹೋಗತೊಡಗಿದ ಮೇಲೆ ಜನ ಬರೆಯುವ ಧಾಟಿಯೂ ಬದಲಾಯಿತು. ಹಾಲವ್ವನಿಗೆ ಓದಲು ಬರುವುದಿಲ್ಲ. ನನ್ನ ಅಂಗಡಿಗೆ ಬಂದು ಓದಿಸಿಕೊಳ್ಳುತ್ತಿದ್ದಳು.

"ಏನ್ ಬರದಾರೋ ತಮ್ಮಾ?"

"'ಅಜ್ಜಿಗೆ ಮೂಗು ಹೋಗಿದೆಯಾ? ಖಾರ ಮುಗ್ಗಲು ವಾಸನೆ' ಅಂತ ಬರದಾರ ಆಯಿ."

"ನನ್ನ ಮೂಗಿನ ಸುದ್ದಿ ಅವರಿಗ್ಯಾಕ? ಮುಂದ ಓದು."

"'ಅಜ್ಜಿ, ನಾಚಿಕೆಯಾಗಬೇಕು ನಿಮಗೆ' ಅಂತ."

ಹಾಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾ ಮಾಡಲಾರದ ಖಾರಕ್ಕ ನನಗ ಬೈಗಳಾ? ಹೊಗಳಿದ್ದು ಸಾವ್ಕಾರಗ, ಬೈದದ್ದು ನನಗ! ಇದ್ಯಾವ ನ್ಯಾಯಪಾ?"

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಫೋನು ಬಂತು. ತಿಂಡಿ ತಿಂದು ವಿಡಿಯೊ ಮಾಡುವ ತನುಜಾ ಎಂಬ ಹುಡುಗಿ. ಅಜ್ಜಿ ಖಾರ ಕರಿಯುವುದನ್ನು ಲೈವ್ ತೋರಿಸಲು ನಾಳೆಯೇ ಬರುತ್ತೇನೆ ಎಂದಳು. ಶಂಭುಲಿಂಗನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ಚೀಲ ಬಿಚ್ಚುವುದನ್ನು ಲೈವ್ ತೋರಿಸಲಾಗುತ್ತದೆಯೇ? ನೂರಜಹಾನಳ ಮನೆಗೆ ಓಡಿದ. ಅಲ್ಲಿ ನಡೆದ ಮಾತನ್ನು ಆಮೇಲೆ ಆಕೆಯೇ ನನಗೆ ಹೇಳಿದಳು.

"ಒಂದ ದಿನ ಬಾ. ಪಡದಿ ಹಿಂದ ಕುಂತು ಕರದು ಕೊಡು. ಮುಂದ ಹಾಲವ್ವ ಕುಂದರತಾಳ."

"ನಾ ಯಾಕ ಹಿಂದ್ರಿ? ನನ್ನ ಫೋಟೊನ ಹಾಕಬೌದಿತ್ತಲ್ರಿ."

"ಹಂಗಲ್ಲವಾ. ಅಜ್ಜಿ ಅಂದ್ರ ಮಂದಿಗೆ ಹಣಿ ಮ್ಯಾಲ ಇಬತ್ತಿ ಕಾಣಬೇಕು. ನಿನ್ನ ಮಾರಿ, ನಿನ್ನ ಹೆಸರು... ತಿಳ್ಕೋ ನೀನ."

ಆಕೆ ತಿಳಿದುಕೊಂಡಳು. ಇಷ್ಟು ವರ್ಷ ಆಕೆಯ ಕೈಯ ಖಾರ ಎಲ್ಲರ ಬಾಯಿಗೂ ಆಗುತ್ತಿತ್ತು, ಹೆಸರು ಮಾತ್ರ ಆಗುವುದಿಲ್ಲ! ಆದರೂ ಒಂದೇ ಮಾತು ಕೇಳಿದಳು.

"ಕರದು ಕೊಟ್ರ ನನ್ನ ಒಲಿ ನನಗ ಕೊಡ್ತೀರೇನ್ರಿ?"

"ನೋಡೂಣು."

ಆ "ನೋಡೂಣು" ಎಂಬ ಒಂದು ಮಾತಿಗೆ ಬಂದಳು. ಆಕೆಗೆ ಬೇಕಾಗಿದ್ದದ್ದು ಒಲೆ.

ಮರುದಿನ ಅಂಗಡಿಯಲ್ಲಿ ಗೋಣಿತಟ್ಟಿನ ಪಡದೆ ಕಟ್ಟಿದರು. ಹಿಂದೆ ಉರಿಯುವ ಒಲೆ, ನೂರಜಹಾನ. ಮುಂದೆ ಖಾಲಿ ಕಡಾಯಿ, ಇಳಕಲ್ ಸೀರೆಯ ಹಾಲವ್ವ. ಮುದುಕಿ ಕೈ ಸುಟ್ಟುಕೊಂಡರೆ ಎಂಬ ಭಯಕ್ಕೆ ಅದರಲ್ಲಿ ಎಣ್ಣೆ ಹಾಕಿರಲಿಲ್ಲ. ಹಿಂದಿನಿಂದ ತಟ್ಟೆ ಪಡದೆಯ ಕೆಳಗೆ ಸರಿಯಬೇಕು, ಹಾಲವ್ವ ಅದನ್ನು ಕಡಾಯಿಯಿಂದ ತೆಗೆದಂತೆ ಎತ್ತಿ ತೋರಿಸಬೇಕು. ಇದು ಶಂಭುಲಿಂಗನ ಯೋಜನೆ.

ತನುಜಾ ಮೊಬೈಲು ಹಿಡಿದು ಹತ್ತಿರ ಬಂದಳು. "ಅಜ್ಜಿ, ಕಡಾಯ್ದಾಗ ಎಣ್ಣೀನ ಇಲ್ಲಲ್ರಿ?"

"ತುಟ್ಟಿ ಆಗೇತಿ ಬೇ ಎಣ್ಣಿ," ಅಂದಳು ಹಾಲವ್ವ.

"ಮತ್ತ ಚರ್ ಚರ್ ಅಂತ ಸಪ್ಪಳ ಎಲ್ಲಿಂದ ಬರಾಕತ್ತೈತ್ರಿ?"

ಹಾಲವ್ವ ಸಾವ್ಕಾರನ ಮುಖ ನೋಡಿದಳು. ಸಾವ್ಕಾರ ಮಾಳಿಗೆಯ ಜಂತಿ ನೋಡಿದ.

"ಐದು ತಲಿಮಾರಿನ ಗುಟ್ಟಂತಲ್ರಿ. ಯಾರು ಹೇಳಿಕೊಟ್ರು ನಿಮಗ?"

"ಸಾವ್ಕಾರ್ರು. ನಿನ್ನೆ ಸಂಜೀಕ."

ನನ್ನ ಅಂಗಡಿಯಲ್ಲಿ ಕೂತಿದ್ದವರು ಬಿದ್ದು ಬಿದ್ದು ನಕ್ಕರು. ಆದರೂ ಶಂಭುಲಿಂಗ ಹೇಗೋ ಪಾರಾಗುತ್ತಿದ್ದನೇನೋ, ನಮ್ಮ ಓಣಿಯ ರೂಢಿಯೊಂದು ಇರದಿದ್ದರೆ. ಬಹಳ ದಿನ ಆರಿದ್ದ ಒಲೆಯನ್ನು ಮತ್ತೆ ಹಚ್ಚಿದಾಗ ಮೊದಲ ಘಾಣ, ಅಂದರೆ ಮೊದಲು ಕರಿದು ತೆಗೆದ ಖಾರ, ಮಾರಾಟಕ್ಕಲ್ಲ. ಅದು ಓಣಿಯದು. ಕರಿದವರೇ ಬೀದಿಗೆ ಬಂದು ಕೈಯಾರೆ ಹಂಚಬೇಕು. ವಾಸನೆ ಬರುತ್ತಲೇ ಮಂದಿ ಎದ್ದು ಬಂದು ಕೈ ಒಡ್ಡಿ ನಿಲ್ಲುತ್ತಾರೆ. ಅಂದೂ ನಿಂತರು.

ಒಲೆಯ ಮುಂದೆ ಕೂತ ಸಂಭ್ರಮದಲ್ಲಿ ನೂರಜಹಾನಳಿಗೆ ಲೈವೂ ನೆನಪಿರಲಿಲ್ಲ, ಪಡದೆಯೂ ನೆನಪಿರಲಿಲ್ಲ. ಮೊದಲ ಘಾಣ ಬುಟ್ಟಿಗೆ ಸುರಿದುಕೊಂಡಳು. ಪಡದೆ ಸರಿಸಿ, ತನುಜಾಳ ಮೊಬೈಲಿನ ಮುಂದಿನಿಂದಲೇ ದಾಟಿ, ಬೆವರು ಒರೆಸಿಕೊಳ್ಳುತ್ತ ನೆಟ್ಟಗೆ ಬೀದಿಗೆ ನಡೆದಳು.

"ಬರ್ರಿ, ಬರ್ರಿ. ಬಿಸಿ ಐತಿ, ಊದಕೊಂಡು ತಿನ್ರಿ."

"ನೂರಜಹಾನಕ್ಕಾ! ಬಂದ್ಯಾ? ಅದಕ್ಕ ವಾಸನಿ ಹಿಡದ್ವಿ ನಾವು!" ಎಂದು ಓಣಿಗೆ ಓಣಿಯೇ ಕೂಗಿತು.

ತನುಜಾ ಮೊಬೈಲನ್ನು ಬೀದಿಯ ಕಡೆ ತಿರುಗಿಸಿದಳು. ಶಂಭುಲಿಂಗ ಅಡ್ಡ ಬಂದ. "ಮೇಡಂ, ಆಕಿ ನಮ್ಮ ಅಜ್ಜಿಗೆ ಅಸಿಸ್ಟೆಂಟ್ ರಿ."

ಆಗ ಹಾಲವ್ವ ಎದ್ದಳು. ಸೆರಗಿನಿಂದ ಹಣೆಯ ವಿಭೂತಿ ಒರೆಸಿಕೊಂಡಳು.

"ಇಲ್ಲವಾ, ಸುಳ್ಳು. ನಾ ಕಸಾ ಹೊಡಿಯಾಕಿ. ಖಾರಾ ಮಾಡಾಕಿ ಆಕಿ. ಇವ ಆಕಿನ್ನ ಬಿಡಿಸಿ ಚೀಲದಾಗಿಂದು ಮಾರಾಕತ್ತಾನ, ನನ್ನ ಮಾರಿ ಹಚ್ಚಿ. ಮುಗ್ಗಲ ಖಾರಾ ತಿಂದು ನನಗ ಬೈದಾರಲಾ, ಅವರೆಲ್ಲಾರಿಗೂ ಹೇಳು. ಇನ್ನ ಮ್ಯಾಲ ಬೈಯೂದಿದ್ರ ಇವಗ ಬೈರಿ ಅನ್ನು. ಈ ಸೀರೀನೂ ನಂದಲ್ಲ."

ಎಲ್ಲವೂ ಲೈವ್ ಹೋಯಿತು.

ಇಷ್ಟಾದ ಮೇಲೆ ಶಂಭುಲಿಂಗ ತಿದ್ದಿಕೊಂಡ ಎಂದು ಬರೆದರೆ ನಾನೂ ಅವನ ಹಾಗೆ ಸುಳ್ಳು ಮಾಲು ಮಾರಿದಂತೆ. ಅವನು ಮೊಬೈಲಿನಿಂದ ಹಾಲವ್ವನ ಫೋಟೊ ತೆಗೆದುಹಾಕಿದ, ಕಂಪ್ಯೂಟರಿನಲ್ಲಿ ಬೇರೆ ಅಜ್ಜಿಯನ್ನು ಮಾಡಿಸಿದ. ಬಾಯಿ ತುಂಬ ಹೊಳೆಯುವ ಹಲ್ಲು, ಕೈಗೆ ಆರು ಬೆರಳು, ಹೊಗೆಯಿಲ್ಲದ ಒಲೆ. ಹೆಸರು ಗೌರಜ್ಜಿ. ಕೆಳಗೆ ಈಗ ಏಳು ತಲೆಮಾರು. ನಿಂತಿದ್ದ ಆರ್ಡರು ಮತ್ತೆ ಬರತೊಡಗಿದವು. ಮತ್ತೆ ಯಾರಾದರೂ ಲೈವ್ ಎಂದು ಬಂದರೆ ಇರಲಿ ಎಂದು ನೂರಜಹಾನಳಿಗೆ ಹೇಳಿ ಕಳಿಸಿದ: ಬೇಕಾದರೆ ಬಾ, ಆದರೆ ಪಡದೆಯ ಹಿಂದೆಯೇ ಕೂರಬೇಕು.

ನೂರಜಹಾನ ಬಂದಳು, ಒಬ್ಬಳೇ ಅಲ್ಲ. ಜೊತೆಗೆ ಹಾಲವ್ವ. ಅವರ ಹಿಂದೆ ಓಣಿಯ ಎಲ್ಲ ಅಂಗಡಿಗಳ ಒಲೆಯ ಮುಂದೆ ಬೇಯುವ ಹೆಂಗಸರು, ಗಂಡಸರು, ಕೈಯಲ್ಲಿ ಝಾರಿ ಹಿಡಿದುಕೊಂಡೇ. ಈ ಸಲ ನಾನೂ ಪಂಪು ಬಿಸಾಕಿ ಹೋದೆ. ಶಂಭುಲಿಂಗನ ಅಂಗಡಿಯ ಕಟ್ಟೆಯ ಮುಂದೆ ಗುಂಪು ನಿಂತಿತು.

"ಏನವಾ ಇದು ಗದ್ಲ?" ಎಂದ ಶಂಭುಲಿಂಗ.

ನೂರಜಹಾನ ತಣ್ಣಗೇ ಹೇಳಿದಳು. "ಗದ್ಲ ಇಲ್ರಿ. ನಿಮ್ಮ ಗೌರಜ್ಜೀನ ನೋಡಾಕ ಬಂದೇವಿ. ಹೊರಗ ಕರೀರಿ. ಒಲಿ ಹಚ್ಚಲಿ, ಮೊದಲ ಘಾಣ ಹಂಚಲಿ. ನಾವು ಕೈ ಮುಗದು ಹೋಗ್ತೇವಿ. ಆಕಿ ಬರಲಿಲ್ಲಂದ್ರ ಪಡದಿ ಹರದು ಆ ಒಲಿ ಮುಂದ ನಾ ಕುಂದರತೇನಿ."

"ಕರೀರಿ ಅಜ್ಜೀನ!" ಎಂದಳು ಹಾಲವ್ವ.

"ಕರೀರಿ ಅಜ್ಜೀನ!" ಎಂದಿತು ಓಣಿ.

ಶಂಭುಲಿಂಗ ಒಳಗೆ ತಿರುಗಿ ನೋಡಿದ, ನಿಜವಾಗಿಯೂ ಯಾರಾದರೂ ಇದ್ದಾರೇನೋ ಎನ್ನುವ ಹಾಗೆ. ಗಲ್ಲಾಪೆಟ್ಟಿಗೆಯ ಮೇಲೆ ಮೊಬೈಲು ಟಿಣ್ ಟಿಣ್ ಎಂದು ಆರ್ಡರು ತೆಗೆದುಕೊಳ್ಳುತ್ತಲೇ ಇತ್ತು. ನೂರಜಹಾನ ಕಟ್ಟೆಯ ಮೊದಲ ಮೆಟ್ಟಿಲು ಹತ್ತಿದಳು.